ಸಿಡಿ-5 ಹಾಕದ ಟ್ಯೂಬು

ಯಡಿಯೂರಿನ ಟೈಲರಮ್ಮನ ರಕ್ತ ನಮ್ಮ ಲ್ಯಾಬಿಗೆ ಬಂದದ್ದು ಒಂದು ಸೋಮವಾರ. ಅವರು ಟೈಲರ್ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬಿನ ಮೇಲೆ ಒಂದು ಹೆಸರು, ಐವತ್ತೆರಡು ವರ್ಷ, ಹೆಣ್ಣು ಎಂದಷ್ಟೇ ಇತ್ತು. ಜೊತೆಯ ಚೀಟಿಯಲ್ಲಿ ಅವರ ಡಾಕ್ಟರು ಬರೆದಿದ್ದರು: ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಮುಂಚಿನ ತಪಾಸಣೆಯಲ್ಲಿ ಲಿಂಫೋಸೈಟ್ ಸ್ವಲ್ಪ ಜಾಸ್ತಿ ಕಂಡಿದೆ, ಫ್ಲೋ ಮಾಡಿ ತಿಳಿಸಿ.

ನಾನು ಜಯನಗರದ ಒಂದು ಲ್ಯಾಬಿನಲ್ಲಿ ಫ್ಲೋ ಸೈಟೋಮೀಟರ್ ಎಂಬ ಯಂತ್ರವನ್ನು ನೋಡಿಕೊಳ್ಳುವವಳು. ಲಿಂಫೋಸೈಟ್ ಎಂದರೆ ಸೋಂಕಿನ ವಿರುದ್ಧ ಕೆಲಸ ಮಾಡುವ ಬಿಳಿರಕ್ತಕಣ. ಅದರಲ್ಲೂ ಟಿ ಕಣ, ಬಿ ಕಣ ಎಂದು ಬಗೆಗಳಿವೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಅವುಗಳ ಮೈಮೇಲಿನ ಗುರುತುಗಳಿಂದ. ಆ ಗುರುತುಗಳಿಗೆ ಸಿಡಿ ಎಂಬ ಹೆಸರು, ಮುಂದೊಂದು ಸಂಖ್ಯೆ. ಬಿ ಕಣದ ಮೇಲೆ ಸಿಡಿ-19 ಇರುತ್ತದೆ, ಟಿ ಕಣದ ಮೇಲೆ ಸಿಡಿ-5. ಒಂದೊಂದು ಗುರುತಿಗೂ ಹೋಗಿ ಅಂಟುವ ಪ್ರತಿಕಾಯಗಳು ಸೀಸೆಯಲ್ಲಿ ಸಿಗುತ್ತವೆ, ಒಂದೊಂದಕ್ಕೂ ಒಂದು ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ರಕ್ತಕ್ಕೆ ಅವನ್ನು ಹಾಕಿ, ಕತ್ತಲಲ್ಲಿ ಇಪ್ಪತ್ತು ನಿಮಿಷ ಇಟ್ಟು, ಕೆಂಪುಕಣಗಳನ್ನು ಕರಗಿಸಿ, ತೊಳೆದು ಯಂತ್ರಕ್ಕೆ ಕೊಟ್ಟರೆ ಕಣಗಳು ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಯಾವುದು ಯಾವ ಬಣ್ಣದಲ್ಲಿ ಹೊಳೆಯಿತೋ ಅದರಂತೆ ಪರದೆಯ ಮೇಲೆ ಒಂದು ಚುಕ್ಕೆ. ಸಾವಿರಾರು ಚುಕ್ಕೆಗಳು ಸೇರಿ ಗುಂಪುಗಳಾಗುತ್ತವೆ. ನಾನು ದಿನವಿಡೀ ನೋಡುವುದು ಆ ಗುಂಪುಗಳನ್ನು.

ಆ ಸೋಮವಾರ ಬಿ ಕಣಗಳ ಗುಂಪು ತನ್ನ ಜಾಗ ಬಿಟ್ಟು ಸ್ವಲ್ಪ ಬಲಕ್ಕೆ ಸರಿದಿತ್ತು. ಸಿಡಿ-19 ಇದ್ದ ಕಣಗಳಲ್ಲೇ ಸಿಡಿ-5 ಕೂಡ ಮಂಕಾಗಿ ಹೊಳೆಯುತ್ತಿತ್ತು. ಬಿ ಕಣದ ಮೇಲೆ ಸಿಡಿ-5 ಕಂಡರೆ ನಮ್ಮ ಕೆಲಸದಲ್ಲಿ ಮೊದಲು ಹೊಳೆಯುವುದು ಒಂದು ನಿಧಾನಗತಿಯ ರಕ್ತದ ಕ್ಯಾನ್ಸರ್.

ಅದನ್ನು ಖಚಿತ ಮಾಡಿಕೊಳ್ಳಲು ಎರಡನೇ ಟ್ಯೂಬು ಇದೆ. ಆರೋಗ್ಯವಂತರ ಬಿ ಕಣಗಳಲ್ಲಿ ಕೆಲವು ಕಪ್ಪಾ ಎಂಬ ತುಣುಕನ್ನೂ ಕೆಲವು ಲ್ಯಾಂಬ್ಡಾ ಎಂಬ ತುಣುಕನ್ನೂ ಹೊತ್ತಿರುತ್ತವೆ. ಕ್ಯಾನ್ಸರಿನಲ್ಲಿ ಒಂದೇ ಕಣ ಹದ್ದುಮೀರಿ ಬೆಳೆದಿರುವುದರಿಂದ ಎಲ್ಲವೂ ಒಂದೇ ತುಣುಕಿನವು. ಈ ಟ್ಯೂಬಿಗೆ ಮಾತ್ರ ರಕ್ತವನ್ನು ಮೊದಲೇ ಮೂರು ಸಲ ಚೆನ್ನಾಗಿ ತೊಳೆಯಬೇಕು. ಇಲ್ಲದಿದ್ದರೆ ರಕ್ತದ ದ್ರವದಲ್ಲೇ ತೇಲುವ ಇದೇ ತುಣುಕುಗಳು ನಡುವೆ ಬಂದು ಚಿತ್ರ ಕೆಡುತ್ತದೆ. ಟೈಲರಮ್ಮನ ಎರಡನೇ ಟ್ಯೂಬಿನಲ್ಲಿ ಕಪ್ಪಾ ಗುಂಪೂ ಇತ್ತು, ಲ್ಯಾಂಬ್ಡಾ ಗುಂಪೂ ಇತ್ತು. ಮಧ್ಯದ ಗೆರೆ ಸ್ವಲ್ಪ ಕಲಸಿದಂತಿತ್ತು, ಅಷ್ಟೆ.

ನಮ್ಮ ಡಾಕ್ಟರು ಕನ್ನಡಕ ಹಣೆಗೇರಿಸಿ ಪರದೆ ನೋಡಿದರು. ಬಸವನಗುಡಿಯವರು, ರಿಟೈರ್ ಆಗಲು ಎರಡು ವರ್ಷ ಉಳಿದಿದ್ದವರು. ರಿಪೋರ್ಟಿಗೆ ಸಹಿ ಅವರದೇ.

"ಏನಮ್ಮ ಇದು? ಸಿಡಿ-5 ಪಾಸಿಟಿವ್ ಅಂತೀರ, ಇಲ್ಲಿ ನೋಡಿದ್ರೆ ಕಪ್ಪಾನೂ ಇದೆ, ಲ್ಯಾಂಬ್ಡಾನೂ ಇದೆ."

"ವಾಶ್ ಸರಿ ಆಗಿಲ್ಲ ಅನ್ಸುತ್ತೆ ಸಾರ್. ಎರಡನೇ ಟ್ಯೂಬ್ ನಾನು ಮಾಡಿದ್ದಲ್ಲ."

"ಹೊಸಬರು ಮಾಡಿದ್ದಾ?"

"ಹೂಂ ಸಾರ್."

ಅವರು ನಿಟ್ಟುಸಿರು ಬಿಟ್ಟು, ಎರಡನೇ ಟ್ಯೂಬನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು ಎಂದು ಬರೆದು, ಮೊದಲನೆಯದರ ಆಧಾರದ ಮೇಲೆ ರಕ್ತದ ಕ್ಯಾನ್ಸರ್ ಸಾಧ್ಯತೆ ಇದೆ, ತಜ್ಞರನ್ನು ಕಾಣಬೇಕು ಎಂದು ಸೇರಿಸಿ ಸಹಿ ಹಾಕಿದರು. ಮತ್ತೊಮ್ಮೆ ತೊಳೆದು ನೋಡುವಷ್ಟು ರಕ್ತ ಟ್ಯೂಬಿನಲ್ಲಿ ಉಳಿದಿತ್ತು. ಆದರೆ ಮೇಜಿನ ಮೇಲೆ ಇನ್ನೂ ಹದಿನಾಲ್ಕು ಸ್ಯಾಂಪಲ್ ಸಾಲಾಗಿ ಕಾಯುತ್ತಿದ್ದವು. ನಾನು ಮಾಡೋಣವೇ ಎನ್ನಲಿಲ್ಲ, ಅವರೂ ಕೇಳಲಿಲ್ಲ.

ಹೊಸಬರು ಎಂದರೆ ಸುಮಾರು ಮೂವತ್ತೈದರ ಟೆಕ್ನಿಷಿಯನ್. ತುಮಕೂರಿನವರು, ಬಂದು ಎರಡು ತಿಂಗಳಾಗಿತ್ತು. ಹಿಂದಿನ ಲ್ಯಾಬು ಯಾಕೆ ಬಿಟ್ಟರೆಂದು ಯಾರಿಗೂ ಹೇಳಿರಲಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಓಡಾಡುವ ಕಂಪನಿ ಪ್ರತಿನಿಧಿಯೊಬ್ಬರು ಒಮ್ಮೆ ಕಾಫಿ ಕುಡಿಯುತ್ತ, "ಅಲ್ಲಿ ಯಾವುದೋ ಸ್ಯಾಂಪಲ್ ಅದಲುಬದಲಾಗಿತ್ತಂತೆ ಮೇಡಂ, ಹುಷಾರು" ಎಂದು ಹೇಳಿಹೋಗಿದ್ದರು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ತಲೆಯಲ್ಲಿ ಇಟ್ಟುಕೊಂಡೆ. ಆಮೇಲೆ ಹೊಸಬರು ಏನು ಮಾಡಿದರೂ ನನಗೆ ಅದೇ ಕಾಣುತ್ತಿತ್ತು. ಕೆಲಸ ಬೇಗ ಮುಗಿಸುತ್ತಿದ್ದರು, ಅಂದರೆ ಏನೋ ಬಿಟ್ಟುಬಿಡುತ್ತಿದ್ದಾರೆ. ದಿನವೂ ಹನ್ನೊಂದೂವರೆಗೆ ಫೋನ್ ಹಿಡಿದು ಮೆಟ್ಟಿಲ ಕಡೆ ಹೋಗುತ್ತಿದ್ದರು, ಅಂದರೆ ಗಮನ ಇಲ್ಲಿಲ್ಲ. ಯಾರಿಗೆ ಮಾಡುತ್ತಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ.

ಆ ವಾರ ನಾನು ನನ್ನ ಕೆಲಸ ಮಾಡುತ್ತಲೇ ಅವರು ಎಷ್ಟು ಸಲ ತೊಳೆಯುತ್ತಾರೆಂದು ಎಣಿಸತೊಡಗಿದೆ. ಪ್ರತಿ ಸಲ ತೊಳೆದಾಗಲೂ ಟ್ಯೂಬುಗಳನ್ನು ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್ ನಿಂತಾಗ ಒಂದು ಸದ್ದು ಬರುತ್ತದೆ. ಒಂದು, ಎರಡು, ಮೂರು. ಪ್ರತಿ ಸಲವೂ ಮೂರೇ. ಒಂದು ದಿನ ಅವರು ಬೆನ್ನು ತಿರುಗಿಸಿಯೇ ಹೇಳಿದರು, "ಮೂರು ಆಯ್ತು ಮೇಡಂ. ನೀವು ಎಣಿಸ್ತಿದ್ದೀರ ಅಂತ ಗೊತ್ತು. ತಪ್ಪೇನಿಲ್ಲ, ಎಣಿಸಿ."

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಾನು ನೋಡುವಾಗ ಮೂರು, ನೋಡದಿರುವಾಗ ಎಷ್ಟೋ ಎಂದುಕೊಂಡೆ.

ಮುಂದಿನ ಬುಧವಾರ ಕೌಂಟರಿನಿಂದ ಫೋನ್ ಬಂತು. ರಿಪೋರ್ಟ್ ಬಗ್ಗೆ ಒಬ್ಬರು ಕೇಳುತ್ತಿದ್ದಾರೆ, ಏನು ಹೇಳಿದರೂ ಹೋಗುತ್ತಿಲ್ಲ, ಒಂದು ನಿಮಿಷ ಬನ್ನಿ ಎಂದು. ಕೆಳಗೆ ಹೋದೆ. ತೆಳ್ಳಗಿನ ಹೆಂಗಸು, ಕುತ್ತಿಗೆಗೆ ಅಳತೆಯ ಟೇಪು ನೇತುಬಿದ್ದಿತ್ತು. ತೆಗೆದಿಡುವುದನ್ನೇ ಮರೆತು ಅಂಗಡಿಯಿಂದ ಹಾಗೇ ಬಂದಿದ್ದರು. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಇಪ್ಪತ್ತು ವರ್ಷದಿಂದ ಇದೆ ಎಂದು ತಾವೇ ಹೇಳಿದರು.

"ಈ ರಕ್ತ ನಂದೇನಾ ಮೇಡಂ?" ಎಂದು ರಿಪೋರ್ಟ್ ಮುಂದೆ ಹಿಡಿದರು.

"ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ."

"ಹೆಸರು ನಂದೇ. ನನ್ನ ಅಂಗಡೀಲೂ ಬಟ್ಟೆ ಮೇಲೆ ಹೆಸರು ಬರೆದೇ ಪಿನ್ ಮಾಡ್ತೀವಿ. ಆದ್ರೂ ಒಂದೊಂದ್ಸಲ ಒಬ್ಬರ ಬ್ಲೌಸು ಇನ್ನೊಬ್ಬರಿಗೆ ಹೋಗಿರತ್ತೆ. ಅದಕ್ಕೇ ಕೇಳಿದೆ."

ಅವರ ಆಪರೇಷನ್ ನಿಲ್ಲಿಸಿದ್ದರು. ಕ್ಯಾನ್ಸರ್ ಇರಬಹುದು ಎಂದಮೇಲೆ ಸರ್ಜನ್ ಕೈಹಾಕಲು ಒಪ್ಪಿರಲಿಲ್ಲ. ರಕ್ತದ ತಜ್ಞರನ್ನು ನೋಡಲು ಸಮಯ ಸಿಕ್ಕಿದ್ದು ಎರಡು ವಾರದ ಮೇಲೆ. ಈಗಾಗಲೇ ಎರಡು ಸಲ ಕಲ್ಲಿನ ನೋವು ಬಂದು, ಅಂಗಡಿಯಲ್ಲೇ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದ್ದರಂತೆ. ತಂಗಿಗೆ ಮಾತ್ರ ಹೇಳಿದ್ದರು. ತಂಗಿ ಅಳುವುದನ್ನು ನೋಡಲಾಗದೆ, ಉಳಿದವರಿಗೆ ಹೇಳುವ ಮುಂಚೆ ಇಲ್ಲಿಗೇ ಬಂದು ಕೇಳಬೇಕು ಅನಿಸಿತಂತೆ.

"ನಂಗೆ ಮೈಯಲ್ಲಿ ಏನೂ ಅನ್ಸ್ತಿಲ್ಲ. ಕಲ್ಲಿನ ನೋವು ಬಿಟ್ರೆ ಬೇರೇನಿಲ್ಲ. ಸ್ವಲ್ಪ ದಿನದ ಹಿಂದೆ ಜ್ವರ ಬಂದು ಗಂಟಲು ನೋವಿತ್ತು, ಅಷ್ಟೇ."

ಬಾರ್‌ಕೋಡ್, ಸ್ಯಾಂಪಲ್ ತೆಗೆದ ಸಮಯ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೋರಿಸಿದೆ. ಅವರು ಒಂದೊಂದನ್ನೂ ಬೆರಳಿಟ್ಟು ಓದಿದರು. ನಂಬಲಿಲ್ಲ. "ಆಯ್ತು" ಎಂದಷ್ಟೇ ಹೇಳಿ ಹೋದರು.

ಮೇಲೆ ಬಂದವಳೇ ಆ ಸೋಮವಾರದ ಸ್ಯಾಂಪಲ್‌ಗಳ ಪಟ್ಟಿ ತೆಗೆದೆ. ಅವರ ಪ್ರಶ್ನೆ ನನ್ನೊಳಗೆ ಮೊದಲೇ ಇದ್ದ ಸಂಶಯಕ್ಕೆ ಸರಿಯಾಗಿ ಹೋಗಿ ಕೂತಿತ್ತು. ಅದಲುಬದಲು. ತುಮಕೂರಿನವರು ಮೆಟ್ಟಿಲಿಗೆ ಹೋದ ಹೊತ್ತು ನೋಡಿಕೊಂಡು ಅವರ ಮೇಜಿನ ಸ್ಟ್ಯಾಂಡ್, ಅವರ ಕೈಬರಹದ ಸಂಖ್ಯೆಗಳು, ಯಂತ್ರದ ದಾಖಲೆ ಎಲ್ಲವನ್ನೂ ತಾಳೆ ನೋಡಿದೆ. ಬಿಳಿರಕ್ತಕಣಗಳ ಎಣಿಕೆಯನ್ನೂ ಹೋಲಿಸಿದೆ. ಎಲ್ಲವೂ ಸರಿಯಿತ್ತು. ಆ ರಕ್ತ ಟೈಲರಮ್ಮನದೇ. ಇನ್ನೊಂದು ಡ್ರಾಯರ್ ಎಳೆಯುತ್ತಿದ್ದಾಗ ತುಮಕೂರಿನವರು ವಾಪಸ್ ಬಂದುಬಿಟ್ಟರು. ಬಾಗಿಲಲ್ಲೇ ನಿಂತು ನನ್ನ ಕೈ ನೋಡಿದರು. ನಾನು ಡ್ರಾಯರ್ ಮುಚ್ಚಿದೆ.

ಮರುದಿನ ಮಡಿವಾಳದ ಕಲೆಕ್ಷನ್ ಸೆಂಟರಿನಿಂದ ಬರುವ ಚೀಲ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು. ಅದರಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿಯ ರಕ್ತ. ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದು ಕಳಿಸಿದ್ದರು. ಯಂತ್ರದಲ್ಲಿ ಓಡಿಸಿದೆ. ಪರದೆಯ ಮೇಲೆ ಅದೇ ಚಿತ್ರ. ಬಿ ಕಣಗಳು ಬಲಕ್ಕೆ ಸರಿದು, ಮಂಕಾದ ಸಿಡಿ-5.

ಕೈ ಮೌಸಿನ ಮೇಲೆಯೇ ನಿಂತಿತು. ಇದು ವಯಸ್ಸಾದವರ ಕಾಯಿಲೆ. ನಾನು ಈ ಯಂತ್ರದ ಮುಂದೆ ಕೂತ ಇಷ್ಟು ವರ್ಷದಲ್ಲಿ ಹತ್ತೊಂಬತ್ತರ ಹುಡುಗಿಯಲ್ಲಿ ಒಮ್ಮೆಯೂ ಕಂಡಿಲ್ಲ. ಮೊದಲು ಚೀಲದ ಮೇಲೆ ಸಂಶಯಪಟ್ಟೆ. ಬಿಸಿಲಲ್ಲಿ ನಿಂತು ರಕ್ತ ಕೆಟ್ಟಿರಬಹುದು. ಆದರೆ ಸತ್ತ ಕಣಗಳು ಹೆಚ್ಚೇನೂ ಇರಲಿಲ್ಲ. ಆಮೇಲೆ ಯಂತ್ರದ ಮೇಲೆ. ದಿನವೂ ಬೆಳಗ್ಗೆ ಗೊತ್ತಾದ ಹೊಳಪಿನ ಮಣಿಗಳನ್ನು ಓಡಿಸಿ ಅದನ್ನು ಪರೀಕ್ಷಿಸುತ್ತೇವೆ, ಅವತ್ತೂ ಪಾಸಾಗಿತ್ತು. ಅದೇ ಹುಡುಗಿಯ ಟಿ ಕಣಗಳಲ್ಲಿ ಸಿಡಿ-5 ಇರಬೇಕಾದಷ್ಟೇ ಚೆನ್ನಾಗಿ ಹೊಳೆಯುತ್ತಿತ್ತು, ಹಾಗಾಗಿ ಆ ಪ್ರತಿಕಾಯದ ಮೇಲೂ ಸಂಶಯ ನಿಲ್ಲಲಿಲ್ಲ. ಹಿಂದಿನ ಮೂರು ವಾರದ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಬೇರೆ ಬೇರೆ ಕಾರಣಕ್ಕೆ ಬಂದ ರಕ್ತಗಳಲ್ಲೂ ಬಿ ಕಣಗಳು ಬಲಕ್ಕೆ ಸರಿಯುತ್ತ ಬಂದಿದ್ದವು. ಮೊದಲ ದಿನ ಕೂದಲೆಳೆಯಷ್ಟು, ಆಮೇಲೆ ಸ್ವಲ್ಪ, ಈಗ ಕಣ್ಣಿಗೆ ಹೊಡೆಯುವಷ್ಟು. ಹೊಸ ರೋಗಿಯ ಹೊಸ ಚಿತ್ರ ಎಂದು ನೋಡಿದ್ದೆನೇ ಹೊರತು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ರೋಗವಿಲ್ಲದ ಒಂದು ರಕ್ತ ಬೇಕಿತ್ತು. ಹತ್ತಿರದಲ್ಲಿದ್ದದ್ದು ನನ್ನದೇ. ತೆಗೆಯಲು ಹತ್ತಿರದಲ್ಲಿದ್ದವರು ತುಮಕೂರಿನವರು ಒಬ್ಬರೇ.

"ಒಂದ್ಸಲ ನನ್ನ ರಕ್ತ ತೆಗೀತೀರಾ?" ಎಂದೆ.

ಅವರು ಯಾಕೆಂದು ಕೇಳಲಿಲ್ಲ. ಕೈಗವಸು ಹಾಕಿಕೊಂಡು, "ಯಾವ ಕೈ ಮೇಡಂ?" ಎಂದರು. ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ, ನೋವಾಗದಂತೆ ತೆಗೆದರು. ನನ್ನ ಕಣ್ಣೆದುರೇ ಟ್ಯೂಬಿನ ಮೇಲೆ ನನ್ನ ಹೆಸರು ಬರೆದು, ಗಟ್ಟಿಯಾಗಿ ಓದಿ, ನನ್ನ ಮುಂದೆ ಹಿಡಿದರು. "ನೋಡ್ಕೊಳಿ. ನಿಮ್ದೇ."

ಟ್ಯೂಬು ನಾನೇ ತಯಾರು ಮಾಡಿದೆ. ಯಾರ ಕೈಗೂ ಕೊಡಲಿಲ್ಲ. ಯಂತ್ರಕ್ಕಿಟ್ಟು ಕೂತೆ. ಚುಕ್ಕೆಗಳು ಒಂದೊಂದಾಗಿ ಬಂದು ಕೂಡಿಕೊಂಡವು. ನನ್ನ ಬಿ ಕಣಗಳು ಟೈಲರಮ್ಮನ ಬಿ ಕಣಗಳು ಇದ್ದ ಜಾಗದಲ್ಲೇ ಬಂದು ನಿಂತವು.

ಆಗ ನನಗಾದದ್ದನ್ನು ಹೇಳಲೇಬೇಕು. ದೋಷ ರೋಗಿಗಳಲ್ಲಿಲ್ಲ, ನಮ್ಮ ಕಡೆಯೇ ಇದೆ ಎಂದು ಗೊತ್ತುಮಾಡಿಕೊಳ್ಳಲೆಂದೇ ಈ ಪರೀಕ್ಷೆ ಮಾಡಿದ್ದೆ. ಬಂದದ್ದೂ ನಾನು ಹುಡುಕುತ್ತಿದ್ದ ಸಾಕ್ಷಿಯೇ. ಆದರೂ ಪರದೆಯ ಮೇಲಿನದು ನನ್ನ ರಕ್ತ ಎಂದಾಗ ತಲೆ ಆ ದಾರಿಯಲ್ಲಿ ಹೋಗಲಿಲ್ಲ. ನನಗೆ ನಲವತ್ನಾಲ್ಕು. ಹೋದ ತಿಂಗಳು ಸುಸ್ತು ಸುಸ್ತು ಎನ್ನುತ್ತಿದ್ದದ್ದು ನೆನಪಾಯಿತು. ಕಂಕುಳಲ್ಲಿ ಗಂಟೇನಾದರೂ ಇದೆಯೇ ಎಂದು ಕೋಟಿನ ಒಳಗೆ ಕೈ ಹೋಗಿತ್ತು. ಮಗಳಿಗೆ ಇವತ್ತೇ ಹೇಳುವುದೋ ಅವಳ ಕಾಲೇಜಿನ ಪರೀಕ್ಷೆ ಮುಗಿದ ಮೇಲೋ ಎಂದು ಯೋಚಿಸುತ್ತಿದ್ದೆ. ಟೈಲರಮ್ಮ ಹತ್ತು ದಿನ ಇದೇ ಯೋಚನೆಯಲ್ಲಿ ಬ್ಲೌಸು ಹೊಲಿದಿದ್ದರು.

ಹಿಂದಿನಿಂದ ತುಮಕೂರಿನವರ ಮಾತು ಬಂತು. "ಮೇಡಂ, ನಿಮಗೇನೂ ಆಗಿಲ್ಲ. ಇನ್ನೂ ರಕ್ತ ಇದೆಯಲ್ಲ, ಸಿಡಿ-5 ಹಾಕದೇ ಒಂದು ಓಡ್ಸೋಣ. ಮಿಕ್ಕಿದ್ದೆಲ್ಲ ಹಾಕಿ, ಅದೊಂದು ಬೇಡ. ನನ್ನ ರಕ್ತಾನೂ ಜೊತೆಗಿರ್ಲಿ."

ಇದು ನಾನೇ ಹೊಸಬರಿಗೆ ಮೊದಲ ವಾರ ಕಲಿಸುವ ಪಾಠ. ಯಾವ ಗುರುತಿನ ಮೇಲೆ ಸಂಶಯವೋ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ ನೋಡುವುದು. ನನಗೆ ಮರೆತೇಹೋಗಿತ್ತು.

ಅವರ ರಕ್ತವನ್ನು ನಾನು ತೆಗೆದೆ. ಇಬ್ಬರದ್ದೂ ಎರಡೆರಡು ಟ್ಯೂಬು. ಒಂದರಲ್ಲಿ ಎಲ್ಲ ಪ್ರತಿಕಾಯಗಳು, ಇನ್ನೊಂದರಲ್ಲಿ ಸಿಡಿ-5 ಇಲ್ಲ. ಕತ್ತಲ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ. ಅವರು ಪೈಪೆಟ್ಟಿನ ತುದಿಗಳನ್ನು ಡಬ್ಬಿಗೆ ಜೋಡಿಸುತ್ತ ನಿಂತಿದ್ದರು.

ಸಿಡಿ-5 ಹಾಕದ ಟ್ಯೂಬಿನಲ್ಲೂ ಬಿ ಕಣಗಳು ಸಿಡಿ-5ರ ಜಾಗದಲ್ಲೇ ಹೊಳೆದವು. ನನ್ನವೂ, ಅವರವೂ.

ಹಾಕಿರದ ಪ್ರತಿಕಾಯ ಹೊಳೆಯಲು ಸಾಧ್ಯವಿಲ್ಲ. ಬೇರೇನೋ ಅದರ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಲ್ಲಿಂದ ಮುಂದೆ ಬಿಡಿಸುವುದು ಕಷ್ಟವಾಗಲಿಲ್ಲ. ನಮ್ಮ ಸಿಡಿ-5ಕ್ಕೆ ಕಟ್ಟಿದ್ದು ಕಿತ್ತಳೆ ಬಣ್ಣ. ಸಿಡಿ-19ಕ್ಕೆ ಕಟ್ಟಿದ್ದು ಎರಡು ಬಣ್ಣಗಳನ್ನು ಬೆಸೆದು ಮಾಡಿದ ಜೋಡಿ ಬಣ್ಣ. ಜೋಡಿಯಲ್ಲಿ ಮೊದಲನೆಯದು ಅದೇ ಕಿತ್ತಳೆ. ಅದು ಲೇಸರ್ ಬೆಳಕನ್ನು ಹೀರಿಕೊಂಡು ಪಕ್ಕದ್ದಕ್ಕೆ ದಾಟಿಸುತ್ತದೆ, ಪಕ್ಕದ್ದು ಕಡುಗೆಂಪಾಗಿ ಹೊಳೆಯುತ್ತದೆ. ಬೆಸುಗೆ ಸಡಿಲವಾದರೆ ದಾಟಿಸುವುದು ನಿಂತು ಕಿತ್ತಳೆ ತಾನೇ ಹೊಳೆಯತೊಡಗುತ್ತದೆ. ಆಗ ಸಿಡಿ-19 ಇರುವ ಪ್ರತಿ ಕಣದ ಮೇಲೂ ಸಿಡಿ-5 ಇದ್ದಂತೆ ಯಂತ್ರಕ್ಕೆ ಕಾಣುತ್ತದೆ.

ಸಿಡಿ-19ರ ದೊಡ್ಡ ಸೀಸೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಇತ್ತು. ಅದರಿಂದ ನೇರವಾಗಿ ತೆಗೆದು ನನ್ನ ರಕ್ತಕ್ಕೆ ಹಾಕಿದೆ. ಬಿ ಕಣಗಳು ತಮ್ಮ ಜಾಗಕ್ಕೆ ಹೋಗಿ ಕೂತವು. ಸೀಸೆ ಸರಿಯಿತ್ತು. ಕೆಟ್ಟದ್ದು, ಅದೇ ಸೀಸೆಯಿಂದ ತಿಂಗಳಿಗೆ ಬೇಕಾಗುವಷ್ಟನ್ನು ನಾವು ಚಿಕ್ಕ ಟ್ಯೂಬುಗಳಿಗೆ ಹಂಚಿಟ್ಟುಕೊಂಡದ್ದು.

ಇಬ್ಬರೂ ಫ್ರಿಜ್ಜಿನ ಮುಂದೆ ನಿಂತೆವು. ಹಳೆಯದು ಕೆಟ್ಟು, ಮೂರು ವಾರದ ಹಿಂದಷ್ಟೇ ಹೊಸದು ಬಂದಿತ್ತು. ಔಷಧಿ ಅಂಗಡಿಗಳಲ್ಲಿ ಇರುವಂಥದ್ದು, ಗಾಜಿನ ಬಾಗಿಲು, ಒಳಗೆ ಹಗಲೂ ರಾತ್ರಿ ಉರಿಯುವ ಬಿಳಿ ದೀಪ. ನಮ್ಮ ಚಿಕ್ಕ ಟ್ಯೂಬುಗಳ ಸ್ಟ್ಯಾಂಡ್ ಮೇಲಿನ ಅರೆಯಲ್ಲಿ, ದೀಪದ ಕೆಳಗೇ ಇತ್ತು. ಪಾರದರ್ಶಕ ಟ್ಯೂಬುಗಳು. ಹಳೆಯ ಫ್ರಿಜ್ಜಿನ ಬಾಗಿಲು ಮುಚ್ಚಿದರೆ ಒಳಗೆ ಕತ್ತಲು. ಆಗ ಈ ಟ್ಯೂಬುಗಳಿಂದ ತೊಂದರೆಯಾಗಿರಲಿಲ್ಲ. ಬೆಳಕಿನಿಂದ ದೂರವಿಡಿ ಎಂದು ಸೀಸೆಯ ಮೇಲೆಯೇ ಅಚ್ಚಾಗಿತ್ತು. ಸುಲಭವಾಗಿ ಕೈಗೆ ಸಿಗಲಿ ಎಂದು ಸ್ಟ್ಯಾಂಡನ್ನು ಅಲ್ಲಿಟ್ಟವಳು ನಾನು.

ಜೋಡಿ ಬಣ್ಣ ಇದ್ದದ್ದು ಮೊದಲ ಟ್ಯೂಬಿನಲ್ಲಿ ಮಾತ್ರ. ಕಪ್ಪಾ, ಲ್ಯಾಂಬ್ಡಾ ನೋಡುವ ಎರಡನೇ ಟ್ಯೂಬಿನಲ್ಲಿ ಸಿಡಿ-19ಕ್ಕೆ ಬೇರೆ ಬಣ್ಣ, ಬೆಳಕಿಗೆ ಸುಲಭವಾಗಿ ಜಗ್ಗದ ಒಂಟಿ ಬಣ್ಣ. ಅಂದರೆ ಟೈಲರಮ್ಮನ ವಿಷಯದಲ್ಲಿ ಆ ಸೋಮವಾರ ನಿಜ ಹೇಳಿದ್ದು ಎರಡನೇ ಟ್ಯೂಬು. ಸರಿಯಾಗಿ ತೊಳೆದ, ಸರಿಯಾಗಿ ಮಾಡಿದ ಟ್ಯೂಬು. ಮಾಡಿದವರ ಮೇಲೆ ನನಗೆ ನಂಬಿಕೆಯಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಪಕ್ಕಕ್ಕಿಟ್ಟಿದ್ದೆವು.

ತುಮಕೂರಿನವರಿಗೂ ಅದು ಅದೇ ಹೊತ್ತಿಗೆ ಹೊಳೆದಿರಬೇಕು. "ಹಾಗಾದ್ರೆ ಯಡಿಯೂರಿನವರ ಕಪ್ಪಾ ಲ್ಯಾಂಬ್ಡಾ ಸರಿಯಾಗೇ ಇತ್ತು" ಎಂದರು. ನನ್ನ ಕಡೆ ನೋಡಲಿಲ್ಲ.

ಡಾಕ್ಟರು ಸುಲಭಕ್ಕೆ ಒಪ್ಪಲಿಲ್ಲ. ಸಿಡಿ-5 ಪೈಪೆಟ್ಟಿಗೆ ಅಂಟಿಕೊಂಡು ಬಂದಿರಬಹುದು ಎಂದರು. ಇಬ್ಬರದೂ ಸೋಂಕಿನಿಂದ ಹೀಗೆ ಕಂಡಿರಬಹುದು ಎಂದರು. ಕೊನೆಗೆ ಅಂಗಿಯ ತೋಳು ಮಡಚಿ, "ನನ್ನದೂ ತಗೊಳ್ಳಿ, ನನ್ನ ಮುಂದೇನೇ ಮಾಡಿ" ಎಂದರು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಾವ ಟ್ಯೂಬಿಗೆ ಏನು ಹೋಗುತ್ತಿದೆ ಎಂದು ಬರೆದುಕೊಂಡರು. ಅವರ ಬಿ ಕಣಗಳೂ ಬಲಕ್ಕೆ ಬಂದು ಕೂತವು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇವತ್ತಿಂದ ಆ ಟ್ಯೂಬುಗಳನ್ನ ಬಿಸಾಕಿ. ಎಲ್ಲಾದಕ್ಕೂ ಫಾಯಿಲ್ ಸುತ್ತಿ. ಆ ಹುಡುಗೀದು ಹೊಸದಾಗಿ ಮಾಡಿ ಕಳ್ಸಿ."

"ಹೋಗಿರೋ ರಿಪೋರ್ಟ್‌ಗಳು ಸಾರ್?"

ಅವರು ಕನ್ನಡಕ ಒರೆಸಿದರು. "ನೋಡಮ್ಮ, ಮುಂದಿನ ವಾರ ಆಡಿಟ್ ಇದೆ. ನಾವು ಬರೆದಿರೋದು ಸಾಧ್ಯತೆ ಅಂತ ತಾನೆ? ಅವರು ತಜ್ಞರ ಹತ್ರ ಹೋಗೇ ಹೋಗ್ತಾರೆ. ಅಲ್ಲಿ ಮತ್ತೆ ಟೆಸ್ಟ್ ಮಾಡ್ತಾರೆ. ತಾನಾಗೇ ಸರಿಹೋಗುತ್ತೆ."

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ನಾನು ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ಆ ಸೋಮವಾರ ನಾನು ಆಡಿದ ಮಾತೂ ಅದರೊಟ್ಟಿಗೆ ಮುಚ್ಚಿಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಒಂದು ಕ್ಷಣ ಅದೇ ಒಳ್ಳೆಯದು ಅನಿಸಿದ್ದೂ ಹೌದು. ತುಮಕೂರಿನವರು ಅಲ್ಲೇ, ಸಿಂಕಿನ ಹತ್ತಿರ ನಿಂತಿದ್ದರು.

"ಸಾರ್, ವಾಶ್ ಸರಿ ಆಗಿಲ್ಲ ಅಂತ ನಾನು ಹೇಳಿದ್ನಲ್ಲ, ಅದು ನೋಡಿ ಹೇಳಿದ್ದಲ್ಲ. ಇವರು ಮಾಡಿದ್ದು ಅಂತ ಹಾಗಂದ್ಬಿಟ್ಟೆ. ನಾನು ಹಾಗನ್ನದೇ ಇದ್ದಿದ್ರೆ ನೀವು ಸೈನ್ ಹಾಕ್ತಿರ್ಲಿಲ್ಲ. ಆಯಮ್ಮಂಗೆ ಎರಡು ಸಲ ಕಲ್ಲಿನ ನೋವು ಬಂದಿದೆ. ಆಪರೇಷನ್ ನಿಂತಿರೋದು ನಮ್ಮಿಂದ."

ಡಾಕ್ಟರು ನನ್ನನ್ನು ನೋಡಿದರು, ಆಮೇಲೆ ಸಿಂಕಿನ ಕಡೆ ನೋಡಿದರು. ಟೆಲಿಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಪಟ್ಟಿ ತಗೊಂಬನ್ನಿ. ಸೈನ್ ನಂದು. ನಾನೇ ಮಾತಾಡ್ತೀನಿ."

ಆ ಮೂರು ವಾರದಲ್ಲಿ ಆ ಟ್ಯೂಬುಗಳನ್ನು ಬಳಸಿ ಮಾಡಿದ ಎಲ್ಲ ಚಿತ್ರಗಳನ್ನೂ ಮೂವರೂ ಕೂತು ಮತ್ತೆ ತೆರೆದೆವು. ಬಿ ಕಣದ ಮೇಲೆ ಸಿಡಿ-5 ಇದೆ ಎಂದು ಹೋಗಿದ್ದ ರಿಪೋರ್ಟುಗಳು ನಾಲ್ಕು. ನಾಲ್ವರಿಗೂ ಡಾಕ್ಟರೇ ಫೋನ್ ಮಾಡಿದರು. ಒಬ್ಬರು ಬೈದರು. ಒಬ್ಬರು ಅತ್ತರು. ಒಬ್ಬರಿಗೆ ಹೊಸ ಪರೀಕ್ಷೆಯಲ್ಲೂ ಕಪ್ಪಾ ಒಂದೇ ಕಂಡಿತು. ಅವರ ಕಾಯಿಲೆ ನಿಜವಾಗಿತ್ತು, ಅದನ್ನು ಎರಡನೇ ಸಲ ಅವರಿಗೆ ಹೇಳಬೇಕಾಯಿತು. ತಪ್ಪಾಗಿದೆ ಬನ್ನಿ ಎಂದು ಕರೆದು, ಆಸೆ ಹುಟ್ಟಿಸಿ, ಮತ್ತೆ ಅದನ್ನೇ ಹೇಳುವುದು. ಆ ದಿನ ಡಾಕ್ಟರು ಊಟ ಮಾಡಲಿಲ್ಲ.

ತಪ್ಪುಗಳನ್ನು ಬರೆದಿಡುವ ರಿಜಿಸ್ಟರಿನಲ್ಲಿ ಫ್ರಿಜ್, ದೀಪ, ಟ್ಯೂಬು ಎಲ್ಲ ಬರೆದೆ. ಕೊನೆಗೆ ಇನ್ನೊಂದು ಸಾಲು: ಎರಡನೇ ಟ್ಯೂಬಿನ ಫಲಿತಾಂಶ ಸರಿಯಾಗಿತ್ತು, ಪರಿಶೀಲಿಸದೆ ಅದನ್ನು ತಳ್ಳಿಹಾಕಿದ್ದು ನನ್ನ ಮಾತಿನ ಮೇಲೆ. ಓದಿ ಸಹಿ ಮಾಡಲು ತುಮಕೂರಿನವರ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು.

"ಹಿಂದಿನ ಲ್ಯಾಬ್‌ನಲ್ಲಿ ಅದಲುಬದಲು ಮಾಡಿದ್ದು ನಾನಲ್ಲ ಮೇಡಂ" ಎಂದರು. "ಕಂಡುಹಿಡಿದು ಹೇಳಿದವನು ನಾನು. ನೀವು ಯಾವತ್ತಾದ್ರೂ ಕೇಳ್ತೀರ ಅಂದ್ಕೊಂಡಿದ್ದೆ."

"ಕೇಳ್ಬೇಕಿತ್ತು" ಎಂದೆ. ಅವರು ಸಹಿ ಹಾಕಿ ರಿಜಿಸ್ಟರ್ ವಾಪಸ್ ಕೊಟ್ಟರು. ಆಡಿಟಿನವರು ಬಂದಾಗ ಆ ಪುಟವನ್ನು ಓದಿ, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಪ್ರಶ್ನೆ ಕೇಳಿದರು.

ಟೈಲರಮ್ಮ ಎರಡನೇ ಸಲ ರಕ್ತ ಕೊಡಲು ಬಂದಾಗ ತಂಗಿಯನ್ನೂ ಕರೆತಂದಿದ್ದರು. ರಕ್ತ ತೆಗೆಯುವ ಜಾಗದಲ್ಲಿ ಕೂತು, ಹೆಸರು ಬರೆಯುವುದನ್ನು ಇಬ್ಬರೂ ಕಣ್ಣಿಟ್ಟು ನೋಡಿದರು. ಟ್ಯೂಬು ಮೇಲಕ್ಕೆ ಬರುವವರೆಗೂ ತಂಗಿ ಅದರ ಹಿಂದೆಯೇ ಮೆಟ್ಟಿಲು ಹತ್ತಿ ಬಾಗಿಲವರೆಗೆ ಬಂದಳು. ಯಾರೂ ತಡೆಯಲಿಲ್ಲ. ನಾನು ಮೊದಲ ಟ್ಯೂಬು ಮಾಡಿದೆ, ತುಮಕೂರಿನವರು ಎರಡನೆಯದು. ಬಿ ಕಣಗಳ ಮೇಲೆ ಸಿಡಿ-5 ಇರಲಿಲ್ಲ. ಕಪ್ಪಾ, ಲ್ಯಾಂಬ್ಡಾ ಎರಡೂ ಇದ್ದವು. ಲಿಂಫೋಸೈಟ್ ಎಣಿಕೆಯೂ ಇಳಿದಿತ್ತು. ಆ ಜ್ವರ, ಗಂಟಲು ನೋವಿನಿಂದ ಏರಿದ್ದಿರಬೇಕು.

ರಿಪೋರ್ಟ್ ತೆಗೆದುಕೊಳ್ಳಲು ಬಂದ ದಿನ ಡಾಕ್ಟರು ಅವರನ್ನೂ ತಂಗಿಯನ್ನೂ ತಮ್ಮ ಕೋಣೆಯಲ್ಲಿ ಕೂರಿಸಿ, ಏನಾಯಿತೆಂದು ಫ್ರಿಜ್ಜಿನ ದೀಪದಿಂದ ಹಿಡಿದು ಎಲ್ಲವನ್ನೂ ಹೇಳಿದರು. ನಾನೂ ನಿಂತಿದ್ದೆ. ವಾಶ್ ವಿಷಯ ಬಂದಾಗ ಡಾಕ್ಟರು ನನ್ನ ಕಡೆ ನೋಡಿ ನಿಲ್ಲಿಸಿದರು. ಅದನ್ನು ನಾನೇ ಹೇಳಿದೆ.

ಟೈಲರಮ್ಮ ಕೇಳಿಸಿಕೊಂಡು, ಚೀಲದಿಂದ ಇನ್ನೊಂದು ಲಕೋಟೆ ತೆಗೆದರು. ನಮಗೆ ಹೇಳದೆ, ಇಲ್ಲಿ ಎರಡನೇ ಸಲ ರಕ್ತ ಕೊಟ್ಟ ದಿನವೇ ಬೇರೊಂದು ಲ್ಯಾಬಿಗೂ ಕೊಟ್ಟಿದ್ದರು. ಎರಡು ರಿಪೋರ್ಟನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿ, ಬಟ್ಟೆಯ ಅಂಚು ಸೇರಿಸುವಂತೆ ತುದಿಗೆ ತುದಿ ಕೂಡಿಸಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹೋಲಿಸಿದರು. ನಾವು ಕಾದೆವು.

"ಎರಡೂ ಒಂದೇ ಹೇಳ್ತಿದೆ" ಎಂದರು ಕೊನೆಗೆ.

"ಹೌದಮ್ಮ. ನಿಮಗೆ ಏನೂ ಇಲ್ಲ. ಆಪರೇಷನ್ ಧಾರಾಳವಾಗಿ ಮಾಡಿಸ್ಕೋಬಹುದು. ಸರ್ಜನ್‌ಗೆ ನಾನೂ ಫೋನ್ ಮಾಡಿ ಹೇಳಿದ್ದೀನಿ" ಎಂದರು ಡಾಕ್ಟರು.

ಅವರು ಎರಡೂ ಕಾಗದಗಳನ್ನು ಮಡಚಿ ಬೇರೆ ಬೇರೆ ಲಕೋಟೆಗಳಲ್ಲಿ ಇಟ್ಟುಕೊಂಡರು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡಿದರು.

"ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡಿಸ್ತೀನಿ ಮೇಡಂ. ನೀವು ಕರೆದು ಹೇಳಿದ್ರಿ, ಒಳ್ಳೇದಾಯ್ತು. ಆದ್ರೆ ಇಲ್ಲಿ ಮಾಡ್ಸಲ್ಲ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು, "ಸರಿ ಅಮ್ಮ, ಹಾಗೇ ಮಾಡಿ" ಎಂದು ಬಾಗಿಲು ತೆರೆದು ಹಿಡಿದುಕೊಂಡೆ. ಅವರು ತಂಗಿಯ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು.